ಗುಬ್ಬಿ ವೀರಣ್ಣನವರೂ ಬೆಳ್ಳಿ ಬ್ರೋಮೈಡಿನ ಬೆಳಕೂ

ತುಮಕೂರು ಜಿಲ್ಲೆಯ ಒಂದೊಂದು ಊರಿಗೂ ಒಂದೊಂದು ಖ್ಯಾತಿಯಿದೆ. ಕುಣಿಗಲ್ ಎಂದೊಡನೆ ಜನಪದರು ಹಾಡಿ ಹೊಗಳಿದ ಕೆರೆ ಮತ್ತು ಟಿಪ್ಪು ಸುಲ್ತಾನನ ಕಾಲದಿಂದ ಬಂದ ಕುದುರೆ ಫಾರಂ ನೆನಪಾಗುತ್ತವೆ. ತುಮಕೂರು ನಗರವೆಂದರೆ ಸಿದ್ಧಗಂಗೆಯ ಮಠ. ಗುಬ್ಬಿ ಎಂದರೆ ಮಾತ್ರ ಕನ್ನಡಿಗರ ಮನಸ್ಸಿನಲ್ಲಿ ಪರದೆ ಮೇಲೇಳುತ್ತದೆ, ಹಾರ್ಮೋನಿಯಂ ಶ್ರುತಿ ಹಿಡಿಯುತ್ತದೆ. ಆ ಊರಿನ ಹೆಸರನ್ನು ತಮ್ಮ ಹೆಸರಿನ ಅವಿಭಾಜ್ಯ ಅಂಗವಾಗಿಸಿಕೊಂಡವರು ನಾಟಕರತ್ನ ಗುಬ್ಬಿ ವೀರಣ್ಣನವರು.

ವೀರಣ್ಣನವರ ರಂಗಜೀವನದ ಬಗ್ಗೆ ಬರೆದವರು ಅನೇಕರಿದ್ದಾರೆ. ಚಿತ್ರರಂಗಕ್ಕೆ ಅವರು ಸುರಿದ ಹಣ, ಶ್ರಮ ಮತ್ತು ಧೈರ್ಯದ ಕಥೆ ಅಷ್ಟಾಗಿ ಪ್ರಚಾರಕ್ಕೆ ಬಂದಿಲ್ಲ. ಆ ಕಥೆಯನ್ನು ಸರಿಯಾಗಿ ಅರಿಯಬೇಕಾದರೆ ಒಂದು ರಾಸಾಯನಿಕ ವಸ್ತುವಿನ ಪರಿಚಯವೂ ಬೇಕು. ತಿಳಿಹಳದಿ ಬಣ್ಣದ ಆ ಪುಡಿಯ ಹೆಸರು ಬೆಳ್ಳಿ ಬ್ರೋಮೈಡ್. ವೀರಣ್ಣನವರ ಮುಖವನ್ನೂ ಅಭಿನಯವನ್ನೂ ಫಿಲ್ಮಿನ ಮೇಲೆ ಹಿಡಿದಿಟ್ಟದ್ದು ಅದೇ. ಅವರ ಆರಂಭದ ಚಿತ್ರಗಳು ಇಂದು ನೋಡಲು ಸಿಗದಿರುವುದಕ್ಕೂ ಅದರೊಳಗಿನ ಬೆಳ್ಳಿಗೂ ಸಂಬಂಧವಿದೆ.

ಗುಬ್ಬಿಯಿಂದ ಹೊರಟ ಬಂಡಿ

ಗುಬ್ಬಿ ಹಂಪಣ್ಣ ವೀರಣ್ಣನವರು ಜನಿಸಿದ್ದು 1891ರ ಜನವರಿ 24ರಂದು. ಅದಕ್ಕೆ ಏಳು ವರ್ಷಗಳ ಮೊದಲು, 1884ರಲ್ಲಿ, ಗುಬ್ಬಿಯ ನಾಟಕಾಭಿಮಾನಿಗಳು ಸೇರಿ ಊರದೇವರಾದ ಚನ್ನಬಸವೇಶ್ವರನ ಹೆಸರಿನಲ್ಲಿ ಒಂದು ನಾಟಕ ಸಂಘವನ್ನು ಕಟ್ಟಿದ್ದರು. ಪಾರ್ಸಿ ನಾಟಕ ಕಂಪನಿಗಳ ವೈಭವವೂ ಮರಾಠಿ ಸಂಗೀತ ನಾಟಕಗಳ ಮಾಧುರ್ಯವೂ ಕನ್ನಡ ನಾಡಿನ ರಸಿಕರನ್ನು ಸೆಳೆದಿದ್ದ ಕಾಲವದು. ಊರಿನವರ ಹವ್ಯಾಸವಾಗಿ ಹುಟ್ಟಿದ ಸಂಘ ಕ್ರಮೇಣ ಊರೂರು ಸುತ್ತುವ ವೃತ್ತಿ ಕಂಪನಿಯಾಯಿತು.

ವೀರಣ್ಣನವರು ಆರು ವರ್ಷದ ಬಾಲಕನಾಗಿದ್ದಾಗಲೇ ಈ ಕಂಪನಿಯನ್ನು ಸೇರಿದರು. ಶಾಲೆಯ ಪಾಠಕ್ಕಿಂತ ರಂಗದ ಪಾಠವೇ ಅವರ ಪಾಲಿಗೆ ಹೆಚ್ಚಾಯಿತು. ಬಾಲಪಾತ್ರಗಳಿಂದ ಆರಂಭಿಸಿ, ಸ್ತ್ರೀಪಾತ್ರಗಳನ್ನೂ ಮಾಡಿ, ಕೊನೆಗೆ ಅವರು ನೆಲೆನಿಂತದ್ದು ಹಾಸ್ಯದಲ್ಲಿ. ಸದಾರಮೆ ನಾಟಕದ ಕಳ್ಳನ ಪಾತ್ರ ಅವರ ಹೆಸರಿನೊಡನೆ ಎಂದೆಂದಿಗೂ ಬೆಸೆದುಕೊಂಡಿತು. ಪ್ರೇಕ್ಷಕರನ್ನು ನಗಿಸುತ್ತಲೇ ಸಮಕಾಲೀನ ಸಮಾಜದ ಓರೆಕೋರೆಗಳನ್ನು ಎತ್ತಿ ತೋರಿಸುವ ಕಲೆ ಅವರಿಗೆ ಕರಗತವಾಗಿತ್ತು.

1917ರ ಹೊತ್ತಿಗೆ ಕಂಪನಿಯ ಸಂಪೂರ್ಣ ಒಡೆತನ ವೀರಣ್ಣನವರ ಕೈಗೆ ಬಂತು. ಅಲ್ಲಿಂದ ಮುಂದೆ ಗುಬ್ಬಿ ಕಂಪನಿಯ ಇತಿಹಾಸವೇ ಅವರ ಇತಿಹಾಸ. ತುಮಕೂರಿಗೆ ಸಮೀಪದ ಬೆಳ್ಳಾವೆಯ ನರಹರಿ ಶಾಸ್ತ್ರಿಗಳಂಥ ನಾಟಕಕಾರರ ಕೃತಿಗಳು ಕಂಪನಿಗೆ ಕೀರ್ತಿ ತಂದವು. ಸ್ತ್ರೀಪಾತ್ರಗಳನ್ನು ಗಂಡಸರೇ ಮಾಡುವುದು ವಾಡಿಕೆಯಾಗಿದ್ದ ಕಾಲದಲ್ಲಿ ನಟಿಯರನ್ನು ರಂಗಕ್ಕೆ ತಂದು ಗೌರವದ ಸ್ಥಾನ ಕೊಟ್ಟ ಮೊದಲಿಗರಲ್ಲಿ ವೀರಣ್ಣನವರೂ ಒಬ್ಬರು. ಅವರ ಪತ್ನಿಯರಲ್ಲಿ ಒಬ್ಬರಾದ ಬಿ. ಜಯಮ್ಮನವರು ರಂಗಭೂಮಿಯಲ್ಲೂ ಚಿತ್ರರಂಗದಲ್ಲೂ ಅಗ್ರಶ್ರೇಣಿಯ ನಟಿಯೆನಿಸಿದರು. 1930ರ ದಶಕದಲ್ಲಿ ಪ್ರಯೋಗಗೊಂಡ ಕುರುಕ್ಷೇತ್ರ ನಾಟಕದಲ್ಲಿ ನಿಜವಾದ ಆನೆ, ಕುದುರೆಗಳೇ ರಂಗದ ಮೇಲೆ ಬಂದು ನಾಡಿನ ಜನರನ್ನು ಬೆರಗುಗೊಳಿಸಿದವು. ಮೈಸೂರು ಅರಸರು ನಾಟಕರತ್ನ ಬಿರುದನ್ನಿತ್ತು ಅವರನ್ನು ಸನ್ಮಾನಿಸಿದರು. ಕನ್ನಡದ ಗಡಿ ದಾಟಿ ಆಂಧ್ರ ಮತ್ತು ತಮಿಳು ಪ್ರದೇಶಗಳಲ್ಲಿಯೂ ಕಂಪನಿ ಕ್ಯಾಂಪ್ ಹಾಕಿ ಜಯಭೇರಿ ಬಾರಿಸಿತು.

ಆದರೆ ರಂಗಕಲೆಗೆ ಹುಟ್ಟಿನಿಂದಲೇ ಬಂದ ಒಂದು ಮಿತಿಯುಂಟು. ಪರದೆ ಬಿದ್ದೊಡನೆ ಆ ರಾತ್ರಿಯ ಅಭಿನಯ ಮುಗಿಯಿತು. ನೋಡಿದವರ ನೆನಪಿನಲ್ಲಿ ಉಳಿದಷ್ಟೇ ಉಳಿಯಿತು. ನೂರಾರು ಜನರ ಕಂಪನಿಯನ್ನು ಸಾಕಿ, ಮಳೆಗಾಲದ ನಷ್ಟವನ್ನು ಬೇಸಿಗೆಯ ಲಾಭದಿಂದ ತುಂಬಿಸುತ್ತಿದ್ದ ವೀರಣ್ಣನವರು, ಒಮ್ಮೆ ಅಭಿನಯಿಸಿದ್ದು ನೂರು ಊರುಗಳಲ್ಲಿ ಒಂದೇ ಸಮಯಕ್ಕೆ ತೋರುವ ಹೊಸ ಮಾಧ್ಯಮದತ್ತ ದೃಷ್ಟಿ ಹರಿಸಿದ್ದು ಸಹಜವೇ ಆಗಿತ್ತು.

ಉಪ್ಪಿನ ನೀರಿನಿಂದ ಬಂದ ಧಾತು

ಆ ಹೊಸ ಮಾಧ್ಯಮದ ಬೇರು ಇದ್ದದ್ದು ಯೂರೋಪಿನ ಪ್ರಯೋಗಶಾಲೆಗಳಲ್ಲಿ. 1826ರಲ್ಲಿ ಫ್ರಾನ್ಸಿನ ಯುವ ರಸಾಯನ ವಿಜ್ಞಾನಿ ಆಂತ್ವಾನ್ ಬಲಾರ್ ಮಾಂಪೆಲಿಯೇ ಪಟ್ಟಣದ ಬಳಿಯ ಉಪ್ಪಿನ ಮಡಿಗಳ ನೀರಿನಿಂದ ಕಡುಕೆಂಪು ಬಣ್ಣದ, ದುರ್ನಾತ ಬೀರುವ ದ್ರವವೊಂದನ್ನು ಬೇರ್ಪಡಿಸಿದನು. ಅದೇ ಬ್ರೋಮೀನ್. ಅದರ ಲವಣಗಳಿಗೆ ಬ್ರೋಮೈಡ್ ಎಂದು ಹೆಸರು.

ಬೆಳ್ಳಿಯು ಆವರ್ತ ಕೋಷ್ಟಕದ 11ನೆಯ ಗುಂಪಿನಲ್ಲಿ ತಾಮ್ರ ಮತ್ತು ಚಿನ್ನಗಳ ನಡುವೆ ಇರುವ ಸಂಕ್ರಮಣ ಲೋಹ. ಅದರ ಬ್ರೋಮೈಡನ್ನು ತಯಾರಿಸುವ ವಿಧಾನ ಕಾಲೇಜು ವಿದ್ಯಾರ್ಥಿಗೂ ಪರಿಚಿತವಾದುದೇ. ಬೆಳ್ಳಿಯನ್ನು ನೈಟ್ರಿಕ್ ಆಮ್ಲದಲ್ಲಿ ಕರಗಿಸಿದರೆ ಸಿಲ್ವರ್ ನೈಟ್ರೇಟ್ ದೊರೆಯುತ್ತದೆ. ಇದರ ದ್ರಾವಣಕ್ಕೆ ಪೊಟ್ಯಾಸಿಯಂ ಬ್ರೋಮೈಡಿನ ದ್ರಾವಣವನ್ನು ಬೆರೆಸಿದೊಡನೆ ಮೊಸರೊಡೆದಂತೆ ತಿಳಿಹಳದಿ ಪ್ರಕ್ಷೇಪವೊಂದು ತಳಕ್ಕೆ ಇಳಿಯುತ್ತದೆ. ಅದೇ ಬೆಳ್ಳಿ ಬ್ರೋಮೈಡ್. ದ್ರಾವಣದಲ್ಲಿ ಉಳಿಯುವುದು ಪೊಟ್ಯಾಸಿಯಂ ನೈಟ್ರೇಟ್. ಲೆಕ್ಕದ ಪ್ರಕಾರ 170 ಗ್ರಾಂ ಸಿಲ್ವರ್ ನೈಟ್ರೇಟ್ ಮತ್ತು 119 ಗ್ರಾಂ ಪೊಟ್ಯಾಸಿಯಂ ಬ್ರೋಮೈಡಿನಿಂದ ಸುಮಾರು 188 ಗ್ರಾಂ ಬೆಳ್ಳಿ ಬ್ರೋಮೈಡ್ ದೊರೆಯುತ್ತದೆ. ಅದರ ತೂಕದಲ್ಲಿ ಶೇಕಡ 57ಕ್ಕೂ ಹೆಚ್ಚು ಪಾಲು ಶುದ್ಧ ಬೆಳ್ಳಿಯದು. ಈ ಒಂದು ಅಂಕಿಯನ್ನು ನೆನಪಿನಲ್ಲಿಟ್ಟುಕೊಳ್ಳಬೇಕು; ಮುಂದೆ ಅದರ ಪರಿಣಾಮ ತಿಳಿಯುತ್ತದೆ.

ಇದು ನೀರಿನಲ್ಲಿ ಬಹುಮಟ್ಟಿಗೆ ಕರಗದ ವಸ್ತು. ಸಾಮಾನ್ಯ ಉಷ್ಣತೆಯಲ್ಲಿ ಒಂದು ಲೀಟರ್ ನೀರಿನಲ್ಲಿ ಕರಗುವುದು ಒಂದು ಮಿಲಿಗ್ರಾಮಿನ ಏಳನೆಯ ಒಂದು ಭಾಗದಷ್ಟು ಮಾತ್ರ. ನೀರಿಗಿಂತ ಸುಮಾರು ಆರೂವರೆ ಪಟ್ಟು ಸಾಂದ್ರವಾದ ಇದು 432 ಡಿಗ್ರಿ ಸೆಲ್ಷಿಯಸ್‌ನಲ್ಲಿ ಕರಗಿ ದ್ರವವಾಗುತ್ತದೆ. ಇದರ ಹರಳಿನ ರಚನೆ ಅಡಿಗೆ ಉಪ್ಪಿನದರಂತೆಯೇ ಇದೆ: ಒಂದು ಬೆಳ್ಳಿ ಅಯಾನು, ಪಕ್ಕದಲ್ಲಿ ಒಂದು ಬ್ರೋಮೈಡ್ ಅಯಾನು ಎಂಬ ಕ್ರಮದಲ್ಲಿ ಮೂರು ದಿಕ್ಕುಗಳಿಗೂ ಹರಡಿದ ಚೌಕಟ್ಟು. ಇಷ್ಟೇ ಆಗಿದ್ದರೆ ಇದು ಪಠ್ಯಪುಸ್ತಕದಲ್ಲಿಯೇ ಉಳಿಯುತ್ತಿತ್ತು. ಅದನ್ನು ಲೋಕವಿಖ್ಯಾತಗೊಳಿಸಿದ್ದು ಬೆಳಕಿಗೆ ಅದು ತೋರುವ ಸ್ಪಂದನ. ಬೆಳಕು ಬಿದ್ದಲ್ಲಿ ಅದು ನಿಧಾನವಾಗಿ ಒಡೆದು ಬೆಳ್ಳಿಯ ಸೂಕ್ಷ್ಮ ಕಣಗಳನ್ನು ಬಿಟ್ಟುಕೊಟ್ಟು ಕಪ್ಪಾಗುತ್ತದೆ; ಬ್ರೋಮೀನ್ ಹೊರಹೋಗುತ್ತದೆ.

1871ರಲ್ಲಿ ಇಂಗ್ಲೆಂಡಿನ ವೈದ್ಯ ರಿಚರ್ಡ್ ಲೀಚ್ ಮ್ಯಾಡಾಕ್ಸ್ ಬೆಳ್ಳಿ ಬ್ರೋಮೈಡಿನ ಹರಳುಗಳನ್ನು ಜೆಲಟಿನ್ ಎಂಬ ಅಂಟಿನಲ್ಲಿ ತೇಲಿಸಿ ಗಾಜಿನ ಮೇಲೆ ಹಚ್ಚುವ ಕ್ರಮವನ್ನು ಪ್ರಕಟಿಸಿದನು. ಛಾಯಾಗ್ರಾಹಕ ಅಲ್ಲಿಯವರೆಗೆ ಒದ್ದೆ ಗಾಜಿನ ಫಲಕವನ್ನು ಸ್ಥಳದಲ್ಲಿಯೇ ತಯಾರಿಸಿಕೊಂಡು, ಒಣಗುವ ಮುನ್ನವೇ ಚಿತ್ರ ತೆಗೆದು ತೊಳೆಯಬೇಕಾಗಿತ್ತು. ಒಣ ಫಲಕ ಬಂದ ಮೇಲೆ ಕಾರ್ಖಾನೆಯಲ್ಲಿ ತಯಾರಾದದ್ದನ್ನು ತಿಂಗಳುಗಟ್ಟಲೆ ಇಟ್ಟುಕೊಂಡು ಬೇಕಾದಾಗ ಬಳಸುವಂತಾಯಿತು. 1878ರ ವೇಳೆಗೆ ಈ ಮಿಶ್ರಣವನ್ನು ಬಿಸಿಯಲ್ಲಿ ಕೆಲಕಾಲ ಪಕ್ವಗೊಳಿಸಿದರೆ ಅದರ ಸಂವೇದನೆ ಬಹುಪಾಲು ಹೆಚ್ಚುವುದೂ ಗೊತ್ತಾಯಿತು. 1889ರಲ್ಲಿ ಈಸ್ಟ್‌ಮನ್ ಕಂಪನಿ ಗಾಜಿನ ಬದಲಿಗೆ ಸುರುಳಿ ಸುತ್ತಬಹುದಾದ ಸೆಲ್ಯುಲಾಯ್ಡ್ ಪಟ್ಟಿಯನ್ನು ಮಾರುಕಟ್ಟೆಗೆ ತಂದಿತು. ಚಲನಚಿತ್ರಕ್ಕೆ ಬೇಕಾಗಿದ್ದುದು ಅದೇ.

ಜೆಲಟಿನ್ ತಯಾರಾಗುವುದು ದನಗಳ ಮೂಳೆ ಮತ್ತು ಚರ್ಮಗಳಿಂದ. ಒಂದು ಜೆಲಟಿನ್ ಬಹಳ ಚುರುಕಾದ ಫಿಲ್ಮನ್ನು ಕೊಟ್ಟರೆ ಇನ್ನೊಂದು ಮಂದವಾದುದನ್ನು ಕೊಡುತ್ತಿದ್ದುದು ತಯಾರಕರಿಗೆ ಬಹುಕಾಲ ಒಗಟಾಗಿತ್ತು. ದನಗಳು ಮೇಯ್ದ ಸಾಸಿವೆ ಜಾತಿಯ ಸಸ್ಯಗಳಿಂದ ಬಂದ ಗಂಧಕದ ಸಂಯುಕ್ತಗಳೇ ಇದಕ್ಕೆ ಕಾರಣವೆಂದು ಕೊಡಾಕ್ ಪ್ರಯೋಗಶಾಲೆಯ ಸ್ಯಾಮ್ಯುಯೆಲ್ ಶೆಪರ್ಡ್ 1925ರಲ್ಲಿ ತೋರಿಸಿಕೊಟ್ಟನು. ಗಂಧಕದ ಲೇಶವು ಹರಳಿನ ಮೈಮೇಲೆ ಸೂಕ್ಷ್ಮ ಚುಕ್ಕೆಗಳನ್ನು ಮಾಡಿ ಅದನ್ನು ಬೆಳಕಿಗೆ ಅಣಿಗೊಳಿಸುತ್ತದೆ.

ಕಾಣದ ಬಿಂಬ, ಕತ್ತಲ ಕೋಣೆ

ಮೂಕಿಚಿತ್ರಗಳ ಕ್ಯಾಮೆರಾ ಸೆಕೆಂಡಿಗೆ ಸುಮಾರು 16 ಚೌಕಟ್ಟುಗಳನ್ನು ಸೆರೆಹಿಡಿಯುತ್ತಿತ್ತು. ಒಂದು ಚೌಕಟ್ಟಿನ ಮೇಲೆ ಬೆಳಕು ಬೀಳುತ್ತಿದ್ದುದು ಸೆಕೆಂಡಿನ ಮೂವತ್ತನೆಯ ಒಂದು ಭಾಗದಷ್ಟು ಕಾಲ ಮಾತ್ರ. ಅಷ್ಟು ಅಲ್ಪ ಬೆಳಕಿಗೆ ಹರಳು ಕಣ್ಣಿಗೆ ಕಾಣುವಂತೆ ಕಪ್ಪಾಗುವುದಿಲ್ಲ. ಆದರೂ ಅದರೊಳಗೆ ಬದಲಾವಣೆ ನಡೆದಿರುತ್ತದೆ. ಬೆಳಕಿನ ಕಣ ಬ್ರೋಮೈಡ್ ಅಯಾನಿನಿಂದ ಒಂದು ಎಲೆಕ್ಟ್ರಾನನ್ನು ಬಿಡಿಸುತ್ತದೆ. ಅದು ಹರಳಿನೊಳಗೆ ಅಲೆದು ಮೈಮೇಲಿನ ಸೂಕ್ಷ್ಮ ಚುಕ್ಕೆಯೊಂದರಲ್ಲಿ ಸೆರೆಯಾಗುತ್ತದೆ. ತನ್ನ ಸ್ಥಾನ ಬಿಟ್ಟು ಚಲಿಸಬಲ್ಲ ಬೆಳ್ಳಿ ಅಯಾನೊಂದು ಅಲ್ಲಿಗೆ ಬಂದು ಆ ಎಲೆಕ್ಟ್ರಾನನ್ನು ಪಡೆದು ಬೆಳ್ಳಿಯ ಪರಮಾಣುವಾಗುತ್ತದೆ. ಹೀಗೆ ನಾಲ್ಕಾರು ಪರಮಾಣುಗಳು ಒಂದೆಡೆ ಕೂಡಿದರೆ ಸಾಕು, ಆ ಹರಳು ಬೆಳಕು ಕಂಡ ಹರಳೆನಿಸುತ್ತದೆ. ಈ ವಿವರಣೆಯನ್ನು 1938ರಲ್ಲಿ ಗರ್ನಿ ಮತ್ತು ಮಾಟ್ ಎಂಬ ಭೌತವಿಜ್ಞಾನಿಗಳು ನೀಡಿದರು. ಕಣ್ಣಿಗೆ ಕಾಣದ ಈ ಬಿಂಬಕ್ಕೆ ಸುಪ್ತಬಿಂಬ ಎನ್ನುತ್ತಾರೆ.

ಇನ್ನು ಉಳಿದದ್ದು ಕತ್ತಲ ಕೋಣೆಯ ಕೆಲಸ. ಫಿಲ್ಮ್ ತೊಳೆಯುವುದು ಎಂದು ಜನ ಕರೆಯುತ್ತಿದ್ದುದು ಇದನ್ನೇ. ಹೈಡ್ರೋಕ್ವಿನೋನ್‌ನಂಥ ರಾಸಾಯನಿಕಗಳಿರುವ ದ್ರಾವಣದಲ್ಲಿ ಫಿಲ್ಮನ್ನು ಮುಳುಗಿಸಿದರೆ, ಬೆಳಕು ಕಂಡ ಹರಳುಗಳು ಮಾತ್ರ ಪೂರ್ತಿಯಾಗಿ ಬೆಳ್ಳಿಯಾಗಿ ಕಪ್ಪಾಗುತ್ತವೆ. ಒಂದು ಮೈಕ್ರೊಮೀಟರ್ ಅಂಚಿನ ಘನಾಕಾರದ ಹರಳಿನಲ್ಲಿ ಸುಮಾರು ಎರಡು ಸಾವಿರ ಕೋಟಿ ಬೆಳ್ಳಿ ಅಯಾನುಗಳಿರುತ್ತವೆ. ನಾಲ್ಕಾರು ಪರಮಾಣುಗಳ ಗುರುತನ್ನು ಹಿಡಿದು ಅಷ್ಟನ್ನೂ ಲೋಹವಾಗಿಸುವ ಈ ಕ್ರಿಯೆಯೇ ಛಾಯಾಚಿತ್ರಣದ ಶಕ್ತಿ. ಬೆಳಕು ಕಾಣದ ಹರಳುಗಳನ್ನು ಹೈಪೋ ದ್ರಾವಣದಲ್ಲಿ ಕರಗಿಸಿ ತೆಗೆಯಬೇಕು. ನೀರಿಗೆ ಬಗ್ಗದ ಬೆಳ್ಳಿ ಬ್ರೋಮೈಡ್ ಹೈಪೋಗೆ, ಅಂದರೆ ಸೋಡಿಯಂ ಥಯೋಸಲ್ಫೇಟಿಗೆ, ಸುಲಭವಾಗಿ ಬಗ್ಗುತ್ತದೆ. ಈ ಗುಣವನ್ನು ಜಾನ್ ಹರ್ಷೆಲ್ 1819ರಲ್ಲಿಯೇ ಗುರುತಿಸಿದ್ದನು. ಹೈಪೋವನ್ನು ಸರಿಯಾಗಿ ತೊಳೆಯದೆ ಬಿಟ್ಟರೆ ಅದರ ಗಂಧಕವು ವರ್ಷಗಳು ಕಳೆದಂತೆ ಚಿತ್ರವನ್ನು ಕಂದುಗಟ್ಟಿಸಿ ಮಂಕಾಗಿಸುತ್ತದೆ. ಮನೆಗಳ ಗೋಡೆಯ ಮೇಲಿನ ಅನೇಕ ಹಳೆಯ ಭಾವಚಿತ್ರಗಳ ಕಥೆ ಇದೇ.

ಬೆಳ್ಳಿ ಬ್ರೋಮೈಡ್ ಸ್ವಭಾವತಃ ನೀಲಿ, ನೇರಳೆ ಬೆಳಕಿಗೆ ಮಾತ್ರ ಸ್ಪಂದಿಸುತ್ತದೆ. ಕೆಂಪು ಅದಕ್ಕೆ ಕತ್ತಲಿದ್ದಂತೆ. ಕತ್ತಲ ಕೋಣೆಯಲ್ಲಿ ಕೆಂಪು ದೀಪ ಉರಿಸುತ್ತಿದ್ದುದು ಈ ಕಾರಣಕ್ಕೆ. 1873ರಲ್ಲಿ ಜರ್ಮನಿಯ ಹರ್ಮನ್ ಫೋಗೆಲ್ ಕೆಲವು ಬಣ್ಣಗಳನ್ನು ಬೆರೆಸಿ ಅದಕ್ಕೆ ಹಸಿರನ್ನೂ ನೋಡಲು ಕಲಿಸಿದನು. ಕೆಂಪನ್ನೂ ನೋಡಬಲ್ಲ ಚಿತ್ರಫಿಲ್ಮು ಬಳಕೆಗೆ ಬಂದದ್ದು 1920ರ ದಶಕದಲ್ಲಿ. ಅದಕ್ಕೂ ಹಿಂದಿನ ಫಿಲ್ಮಿನಲ್ಲಿ ಕೆಂಪು ತುಟಿ ಕಪ್ಪಾಗಿಯೂ ನೀಲಿ ಆಕಾಶ ಬೋಳು ಬಿಳುಪಾಗಿಯೂ ಮೂಡುತ್ತಿದ್ದವು. ರಂಗದ ದೀಪಗಳಿಗಾಗಿ ಕೆಂಪು ಲೇಪಿಸಿಕೊಂಡು ಪಳಗಿದ ನಟನಿಗೆ ಕ್ಯಾಮೆರಾದ ಮುಂದೆ ಹಳೆಯ ಪ್ರಸಾಧನ ಒದಗಿ ಬರುತ್ತಿರಲಿಲ್ಲ. ರಂಗದಲ್ಲಿ ಕಲಿತದ್ದನ್ನು ಎಷ್ಟೋ ಮಟ್ಟಿಗೆ ಮರೆತು ಹೊಸದಾಗಿ ಕಲಿಯಬೇಕಾಗಿತ್ತು.

ಮೂಕಿಯಿಂದ ಮಾತಿನತ್ತ

1930ರ ದಶಕದ ಆರಂಭದಲ್ಲಿ ವೀರಣ್ಣನವರು ಕರ್ನಾಟಕ ಪಿಕ್ಚರ್ಸ್ ಕಾರ್ಪೊರೇಷನ್ ಎಂಬ ಸಂಸ್ಥೆಯ ಮೂಲಕ ಬೆಂಗಳೂರಿನಲ್ಲಿ ಮೂಕಿಚಿತ್ರಗಳ ನಿರ್ಮಾಣಕ್ಕೆ ಕೈಹಾಕಿದರು. ಬೆಲ್ಜಿಯಂ ದೇಶದ ರಫೇಲ್ ಆಲ್ಗೋಟ್ ಅವರ ನಿರ್ದೇಶನದಲ್ಲಿ ಹಿಸ್ ಲವ್ ಅಫೇರ್ ಎಂಬ ಚಿತ್ರ ತಯಾರಾಯಿತು. 1932ರ ಹರಿಮಾಯಾ ಚಿತ್ರವನ್ನು ವೈ.ವಿ. ರಾವ್ ನಿರ್ದೇಶಿಸಿದರು. ಮುಂದೆ 1934ರಲ್ಲಿ ಕನ್ನಡದ ಮೊದಲ ವಾಕ್ಚಿತ್ರ ಸತಿ ಸುಲೋಚನಾವನ್ನು ನಿರ್ದೇಶಿಸಿದವರೂ ಇದೇ ರಾಯರು. ಆ ಚಿತ್ರಕ್ಕೆ ಸಂಭಾಷಣೆ ಬರೆದವರು ಗುಬ್ಬಿ ಕಂಪನಿಯ ಕವಿ ಬೆಳ್ಳಾವೆ ನರಹರಿ ಶಾಸ್ತ್ರಿಗಳು.

ವೀರಣ್ಣನವರ ಮೂಕಿ ಸಾಹಸಕ್ಕೆ ಕಾಲ ಕೂಡಿಬರಲಿಲ್ಲ. 1931ರ ಮಾರ್ಚ್ 14ರಂದು ಮುಂಬಯಿಯಲ್ಲಿ ಆಲಂ ಆರಾ ತೆರೆಕಂಡು, ಭಾರತದ ಚಲನಚಿತ್ರ ಮಾತನಾಡತೊಡಗಿತ್ತು. ಹಾಡು ಕೇಳುವ ರುಚಿ ಹತ್ತಿದ ಪ್ರೇಕ್ಷಕ ಮತ್ತೆ ಮೂಕಿಯತ್ತ ತಿರುಗಿ ನೋಡಲಿಲ್ಲ. ಫಿಲ್ಮು, ಕ್ಯಾಮೆರಾ, ಬಹುತೇಕ ರಾಸಾಯನಿಕಗಳು ಹೊರದೇಶಗಳಿಂದಲೇ ಬರಬೇಕಾಗಿದ್ದ ಆ ದಿನಗಳಲ್ಲಿ, ಆರಂಭದಲ್ಲಿಯೇ ಹಿಂದೆ ಬಿದ್ದ ಮಾಧ್ಯಮಕ್ಕೆ ಬಂಡವಾಳ ತೊಡಗಿಸುವುದೆಂದರೆ ನಾಟಕದ ಸಂಪಾದನೆಯನ್ನು ಪಣಕ್ಕೆ ಒಡ್ಡಿದಂತೆಯೇ. ಸಂಸ್ಥೆ ಹೆಚ್ಚು ಕಾಲ ಬಾಳಲಿಲ್ಲ.

ಆದರೂ ಅವರು ಕೈಚೆಲ್ಲಲಿಲ್ಲ. ರಂಗದಲ್ಲಿ ನಾಡನ್ನೇ ಗೆದ್ದಿದ್ದ ಸದಾರಮೆ 1935ರಲ್ಲಿ ವಾಕ್ಚಿತ್ರವಾಯಿತು. ರಾಜಾ ಚಂದ್ರಶೇಖರ್ ಅದರ ನಿರ್ದೇಶಕರು, ವೀರಣ್ಣನವರು ಪ್ರಧಾನ ಆಕರ್ಷಣೆ. 1941ರಲ್ಲಿ ಪಿ. ಪುಲ್ಲಯ್ಯನವರ ನಿರ್ದೇಶನದ ಸುಭದ್ರಾ ಬಂತು. ವೀರಣ್ಣ ಮತ್ತು ಜಯಮ್ಮನವರ ಜೊತೆಯಲ್ಲಿ ಹೊನ್ನಪ್ಪ ಭಾಗವತರ್ ಅಭಿನಯಿಸಿದರು. ಮರುವರ್ಷ ಅ.ನ. ಕೃಷ್ಣರಾಯರ ಬರವಣಿಗೆಯಲ್ಲಿ ಜೀವನ ನಾಟಕ ತಯಾರಾಯಿತು. ಪುರಾಣ ಕಥೆಗಳೇ ತುಂಬಿದ್ದ ಕಾಲದಲ್ಲಿ ಅದು ಸಾಮಾಜಿಕ ವಸ್ತುವನ್ನು ಎತ್ತಿಕೊಂಡ ಅಪರೂಪದ ಪ್ರಯತ್ನ. 1945ರ ಹೇಮರೆಡ್ಡಿ ಮಲ್ಲಮ್ಮ ಜನಪ್ರಿಯವಾಯಿತು.

ಇವುಗಳಲ್ಲಿ ಕೆಲವು ಎರಡನೆಯ ಮಹಾಯುದ್ಧದ ಕಾಲದ ಚಿತ್ರಗಳೆಂಬುದು ಗಮನಾರ್ಹ. ಹಡಗು ಸಂಚಾರ ಅಸ್ತವ್ಯಸ್ತಗೊಂಡು ಕಚ್ಚಾ ಫಿಲ್ಮಿಗೆ ಅಭಾವ ತಲೆದೋರಿತು. ಅಂದಿನ ಸರ್ಕಾರ ಚಿತ್ರಗಳ ಉದ್ದಕ್ಕೆ ಮಿತಿ ಹೇರಿ, ಫಿಲ್ಮ್ ಹಂಚಿಕೆಯನ್ನು ತನ್ನ ನಿಯಂತ್ರಣಕ್ಕೆ ತೆಗೆದುಕೊಂಡಿತು. ಬೆಳ್ಳಿ ಬ್ರೋಮೈಡ್ ಹಚ್ಚಿದ ಒಂದೊಂದು ಅಡಿ ಪಟ್ಟಿಗೂ ನಿರ್ಮಾಪಕ ಲೆಕ್ಕ ಕೊಡಬೇಕಾಯಿತು. ಭಾರತ ತನ್ನದೇ ಸಿನಿಮಾ ಫಿಲ್ಮನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸಲು ಬಹುಕಾಲ ಕಾಯಬೇಕಾಯಿತು. ಸಾರ್ವಜನಿಕ ರಂಗದ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆ ಊಟಿಯಲ್ಲಿ ಉತ್ಪಾದನೆ ಆರಂಭಿಸಿದ್ದು 1967ರಲ್ಲಿ. ಡಿಜಿಟಲ್ ಯುಗದ ಎದುರು ನಿಲ್ಲಲಾರದೆ ಅದೂ ಮುಚ್ಚಿಹೋಯಿತು.

ಬೇಡರ ಕಣ್ಣಪ್ಪನ ಕೊಡುಗೆ

ಚಿತ್ರರಂಗದಲ್ಲಿ ವೀರಣ್ಣನವರ ಶ್ರಮ ಸಾರ್ಥಕವಾದದ್ದು ಅವರ ಅರವತ್ತು ದಾಟಿದ ಮೇಲೆ. ಗುಬ್ಬಿ ಕರ್ನಾಟಕ ಪ್ರೊಡಕ್ಷನ್ಸ್ ಸಂಸ್ಥೆ ಮದರಾಸಿನ ಎ.ವಿ. ಮೇಯಪ್ಪನ್ ಅವರ ಸಹಯೋಗದಲ್ಲಿ 1953ರಲ್ಲಿ ಗುಣಸಾಗರಿಯನ್ನೂ 1954ರಲ್ಲಿ ಬೇಡರ ಕಣ್ಣಪ್ಪವನ್ನೂ ತಯಾರಿಸಿತು. ಎರಡಕ್ಕೂ ಎಚ್.ಎಲ್.ಎನ್. ಸಿಂಹ ನಿರ್ದೇಶಕರು. ಬೇಡರ ಕಣ್ಣಪ್ಪನ ಪಾತ್ರಕ್ಕೆ ಆಯ್ಕೆಯಾದವರು ಗುಬ್ಬಿ ಕಂಪನಿಯ ನಟ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರ ಮಗ ಮುತ್ತುರಾಜ್. ಆ ಚಿತ್ರದಿಂದ ಅವರು ರಾಜಕುಮಾರ್ ಆದರು. ಅದೇ ಚಿತ್ರದಲ್ಲಿ ಜಿ.ವಿ. ಅಯ್ಯರ್ ಹಾಗೂ ತಿಪಟೂರಿನ ನರಸಿಂಹರಾಜು ಅಭಿನಯಿಸಿದರು. ಇಬ್ಬರೂ ಕಂಪನಿ ನಾಟಕದ ಗರಡಿಯಲ್ಲಿ ಪಳಗಿದವರು. ಚಿತ್ರಕ್ಕೆ ರಾಷ್ಟ್ರಮಟ್ಟದ ಅರ್ಹತಾ ಪತ್ರ ದೊರೆಯಿತು. ರಾಷ್ಟ್ರ ಪ್ರಶಸ್ತಿಗಳಲ್ಲಿ ಮನ್ನಣೆ ಪಡೆದ ಮೊದಲ ಕನ್ನಡ ಚಿತ್ರವೆಂಬ ಗೌರವ ಅದರದು. ಮೂಕಿಯ ಕಾಲದಲ್ಲಿ ಹಣ ಕಳೆದುಕೊಂಡ ಸಾಹಸಿಯೇ ಕನ್ನಡ ಚಿತ್ರರಂಗಕ್ಕೆ ಅದರ ಮಹಾನಟನನ್ನು ಕೊಟ್ಟಂತಾಯಿತು.

ಉಳಿದದ್ದು, ಅಳಿದದ್ದು

ರಂಗದ ಅಭಿನಯಕ್ಕೆ ಇಲ್ಲದ ಶಾಶ್ವತತೆ ಫಿಲ್ಮಿಗೆ ಇದೆಯೆಂದು ಆ ಪೀಳಿಗೆ ನಂಬಿತ್ತು. ಆ ನಂಬಿಕೆ ಹುಸಿಯಾಯಿತು. ಭಾರತದಲ್ಲಿ ತಯಾರಾದ ಸುಮಾರು 1,300 ಮೂಕಿಚಿತ್ರಗಳಲ್ಲಿ ಇಂದು ಉಳಿದಿರುವುದು ಬೆರಳೆಣಿಕೆಯಷ್ಟು. ಅವುಗಳಲ್ಲಿಯೂ ಅನೇಕವು ತುಣುಕುಗಳು. ವೀರಣ್ಣನವರ ಮೂಕಿಚಿತ್ರಗಳು ನೋಡಲು ದೊರೆಯುವುದಿಲ್ಲ. ಸತಿ ಸುಲೋಚನಾ ಚಿತ್ರದ ಒಂದು ಪ್ರತಿಯೂ ಉಳಿದಿಲ್ಲ.

ಇದಕ್ಕೆ ಕಾರಣಗಳು ಎರಡು. ಎರಡೂ ಫಿಲ್ಮಿನೊಳಗೇ ಇದ್ದವು. ಮೊದಲನೆಯದು, ಬೆಳ್ಳಿ ಬ್ರೋಮೈಡನ್ನು ಹೊತ್ತ ಪಟ್ಟಿ. ಆ ಕಾಲದ ಫಿಲ್ಮಿನ ಆಧಾರ ಸೆಲ್ಯುಲೋಸ್ ನೈಟ್ರೇಟ್. ಸಿಡಿಮದ್ದಿಗೆ ಹತ್ತಿರದ ನೆಂಟನಾದ ಈ ವಸ್ತು ಒಮ್ಮೆ ಹೊತ್ತಿಕೊಂಡರೆ ನೀರಿನಲ್ಲಿ ಮುಳುಗಿಸಿದರೂ ಆರುವುದಿಲ್ಲ. ಉರಿಯಲು ಬೇಕಾದ ಆಮ್ಲಜನಕ ಅದರೊಳಗೇ ಇರುತ್ತದೆ. ಬೆಂಕಿ ತಗಲದಿದ್ದರೂ ಬಿಸಿ ಮತ್ತು ತೇವದ ಹವೆಯಲ್ಲಿ ತಾನಾಗಿಯೇ ಕೊಳೆತು, ಮೊದಲು ಅಂಟಂಟಾಗಿ, ಕೊನೆಗೆ ಕಂದುಬಣ್ಣದ ಪುಡಿಯಾಗುತ್ತದೆ. ಸುರಕ್ಷಿತವಾದ ಅಸಿಟೇಟ್ ಫಿಲ್ಮು ಅದರ ಸ್ಥಾನವನ್ನು ಪೂರ್ತಿಯಾಗಿ ಆಕ್ರಮಿಸಿದ್ದು 1950ರ ದಶಕದ ಆರಂಭದಲ್ಲಿ.

ಎರಡನೆಯದು ಬೆಳ್ಳಿಯ ಬೆಲೆ. ಕಪ್ಪುಬಿಳುಪು ಚಿತ್ರದಲ್ಲಿ ಕಪ್ಪಾಗಿ ಕಾಣುವುದೆಲ್ಲವೂ ಶುದ್ಧ ಬೆಳ್ಳಿಯೇ. ಪ್ರತಿ ಚದರ ಮೀಟರ್ ಫಿಲ್ಮಿನ ಮೇಲೆ ಕೆಲವು ಗ್ರಾಂ ಬೆಳ್ಳಿ ಇರುತ್ತದೆ. ಸಾವಿರ ಅಡಿ ಉದ್ದದ ಒಂದು ರೀಲಿನಲ್ಲಿ ಹತ್ತಾರು ಗ್ರಾಂ. ಹತ್ತು ಹನ್ನೆರಡು ರೀಲುಗಳ ಚಿತ್ರದ ಒಂದೊಂದು ಪ್ರತಿಯಲ್ಲಿಯೂ ನೂರಾರು ಗ್ರಾಂ. ಚಿತ್ರದ ಓಟ ಮುಗಿದ ಮೇಲೆ ಅದರ ಪ್ರತಿಗಳು ಗುಜರಿ ಸೇರುತ್ತಿದ್ದವು. ಜೆಲಟಿನ್ ಪದರವನ್ನು ಕರಗಿಸಿಯೋ ಸುಟ್ಟ ಬೂದಿಯಿಂದಲೋ ಬೆಳ್ಳಿಯನ್ನು ತೆಗೆಯಲಾಗುತ್ತಿತ್ತು. ಹಳೆಯ ಚಿತ್ರವನ್ನು ಕಾಪಾಡಿದರೆ ಖರ್ಚು, ಕರಗಿಸಿದರೆ ಕಾಸು ಎಂಬ ಲೆಕ್ಕಾಚಾರದಲ್ಲಿ ನಟರ ಮುಖಗಳು ಕರಗಿಹೋದವು. ಆ ಬೆಳ್ಳಿ ಯಾವ ಮನೆಯ ಕುಂಕುಮದ ಬಟ್ಟಲಾಯಿತೋ, ಯಾವ ಮಗುವಿನ ಕಾಲ್ಗೆಜ್ಜೆಯಾಯಿತೋ ಹೇಳುವವರಿಲ್ಲ. ಪುಣೆಯಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಸ್ಥಾಪನೆಯಾದದ್ದು 1964ರಲ್ಲಿ. ಅಷ್ಟು ಹೊತ್ತಿಗೆ ಬಹುಪಾಲು ನಷ್ಟ ಆಗಿಹೋಗಿತ್ತು.

ಛಾಯಾಚಿತ್ರದ ಬ್ರೋಮೈಡ್ ಪದ ಕನ್ನಡ ಪತ್ರಿಕಾಲಯಗಳಿಗೂ ಹೊಸದಲ್ಲ. ಮೊಳೆ ಜೋಡಿಸುವ ಕಾಲ ಮುಗಿದು ಫೋಟೋ ಕಂಪೋಸಿಂಗ್ ಬಂದಾಗ, ಅಕ್ಷರಗಳು ಮೂಡಿದ ಹೊಳಪಿನ ಕಾಗದಕ್ಕೆ ಬ್ರೋಮೈಡ್ ಎಂದೇ ಹೆಸರಿತ್ತು. ಅದನ್ನು ಕತ್ತರಿಸಿ ಅಂಟಿಸಿ ಪುಟ ಕಟ್ಟುತ್ತಿದ್ದರು. ಗಣಕಯಂತ್ರದ ಪುಟವಿನ್ಯಾಸ ಬಂದ ಮೇಲೆ ಆ ಪದ ಹಳಬರ ಮಾತಿನಲ್ಲಷ್ಟೇ ಉಳಿಯಿತು.

ಕೊನೆಯ ದಿನಗಳು

ವೀರಣ್ಣನವರು ತಮ್ಮ ಬದುಕನ್ನು ಕಲೆಯೇ ಕಾಯಕ ಎಂಬ ಆತ್ಮಕಥನದಲ್ಲಿ ದಾಖಲಿಸಿದ್ದಾರೆ. ಅಭಿನಯಕ್ಕಾಗಿ 1955ರಲ್ಲಿ ಸಂಗೀತ ನಾಟಕ ಅಕಾಡೆಮಿಯ ಪ್ರಶಸ್ತಿಯೂ 1972ರಲ್ಲಿ ಪದ್ಮಶ್ರೀ ಗೌರವವೂ ಅವರಿಗೆ ಸಂದವು. ಪದ್ಮಶ್ರೀ ಬಂದ ವರ್ಷವೇ, ಅಕ್ಟೋಬರ್ 18ರಂದು, 81ನೆಯ ವಯಸ್ಸಿನಲ್ಲಿ ಅವರು ನಿಧನರಾದರು.

ಅವರ ಚಿತ್ರಗಳಲ್ಲಿ ಹಲವು ಅಳಿದರೂ ಅವರು ಬೆಳೆಸಿದ ಜನ ಉಳಿದರು. ಮನೆ ಬಿಟ್ಟು ಬಂದು ಕಂಪನಿ ಸೇರಿದ್ದ ಬಿ.ವಿ. ಕಾರಂತ ಎಂಬ ಹುಡುಗನ ಪ್ರತಿಭೆಯನ್ನು ಗುರುತಿಸಿ, ಉನ್ನತ ವ್ಯಾಸಂಗಕ್ಕಾಗಿ ಬನಾರಸಿಗೆ ಕಳಿಸಿದವರು ವೀರಣ್ಣನವರೇ. ಆ ಹುಡುಗ ಮುಂದೆ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯ ನಿರ್ದೇಶಕನಾಗಿ, ಮೈಸೂರಿನ ರಂಗಾಯಣದ ಸ್ಥಾಪಕ ನಿರ್ದೇಶಕನಾಗಿ ಭಾರತೀಯ ರಂಗಭೂಮಿಗೆ ಹೊಸ ದಿಕ್ಕು ತೋರಿದರು. ಜಿ.ವಿ. ಅಯ್ಯರ್ ಸಂಸ್ಕೃತದಲ್ಲಿ ಚಿತ್ರ ಮಾಡಿ ದೇಶದ ಗಮನ ಸೆಳೆದರು. ವೀರಣ್ಣನವರ ಮೊಮ್ಮಗಳು ಬಿ. ಜಯಶ್ರೀ ರಂಗಗೀತೆಗಳ ಪರಂಪರೆಯನ್ನು ಮುಂದುವರಿಸಿ, ರಾಜ್ಯಸಭೆಯ ನಾಮಕರಣ ಸದಸ್ಯರೂ ಆದರು. 2013ರಲ್ಲಿ ಅಜ್ಜನಂತೆಯೇ ಪದ್ಮಶ್ರೀ ಪಡೆದರು.

ಇಂದು ತುಮಕೂರು ನಗರದಲ್ಲಿ ಅವರ ಹೆಸರಿನ ಕಲಾಕ್ಷೇತ್ರವಿದೆ. ರಂಗಸಾಧಕರಿಗೆ ರಾಜ್ಯ ಸರ್ಕಾರ ಕೊಡುವ ಗುಬ್ಬಿ ವೀರಣ್ಣ ಪ್ರಶಸ್ತಿಯಿದೆ. ಇವುಗಳ ಜೊತೆಗೆ ಆಗಬೇಕಾದ ಕೆಲಸವೂ ಒಂದಿದೆ. ಹಳೆಯ ಕಂಪನಿಗಳ ಕಲಾವಿದರ ವಂಶಜರ ಮನೆಗಳಲ್ಲಿ, ಮುಚ್ಚಿದ ಟಾಕೀಸುಗಳ ಉಗ್ರಾಣಗಳಲ್ಲಿ ಹಳೆಯ ಛಾಯಾಚಿತ್ರಗಳೂ ರೀಲಿನ ಡಬ್ಬಗಳೂ ಇನ್ನೂ ಬಿದ್ದಿರಬಹುದು. ಅವುಗಳನ್ನು ಬಿಸಿಲು, ತೇವ ತಾಗದಂತೆ ತಂಪಾದ ಒಣ ಜಾಗದಲ್ಲಿರಿಸಬೇಕು. ಹುಳಿನಾತ ಬೀರುವ ಅಥವಾ ಅಂಟಾದ ಫಿಲ್ಮನ್ನು ತಾವೇ ಬಿಚ್ಚಲು ಹೋಗದೆ, ಬೆಂಕಿಯಿಂದ ದೂರವಿರಿಸಿ, ಸಂಗ್ರಹಾಲಯದ ತಜ್ಞರಿಗೆ ತಿಳಿಸಬೇಕು. ಗುಜರಿಯವನ ತಕ್ಕಡಿಯಲ್ಲಿ ಅವುಗಳಿಗೆ ಸಿಗುವುದು ಬೆಳ್ಳಿಯ ಬೆಲೆ ಮಾತ್ರ. ಅವುಗಳ ಮೇಲೆ ಮೂಡಿರುವ ಮುಖಗಳನ್ನು ಮತ್ತೊಮ್ಮೆ ಪಡೆಯುವ ದಾರಿ ಯಾರಿಗೂ ಇಲ್ಲ.